ನೀರು ಹುಡುಕಿಕೊಂಡು ಹೋದ ದಾರಿ: ಅಮೆರಿಕದ ಮರುಭೂಮಿ ದಾಟಿದ ಬಟರ್‌ಫೀಲ್ಡ್ ಟಪಾಲು ಬಂಡಿಗಳು

2023ರ ಜನವರಿಯಲ್ಲಿ ಅಮೆರಿಕ ಸರ್ಕಾರ ಒಂದು ಹಳೆಯ ಬಂಡಿ ದಾರಿಯನ್ನು ರಾಷ್ಟ್ರೀಯ ಐತಿಹಾಸಿಕ ಹಾದಿ ಎಂದು ಘೋಷಿಸಿತು. ಅದರ ಹೆಸರು ಬಟರ್‌ಫೀಲ್ಡ್ ಓವರ್‌ಲ್ಯಾಂಡ್. ಕವಲುಗಳೆಲ್ಲ ಸೇರಿ ಸುಮಾರು 5,300 ಕಿಲೋಮೀಟರ್ ಉದ್ದ. ಇಷ್ಟು ದೊಡ್ಡ ದಾರಿಯಲ್ಲಿ ಟಪಾಲು ಬಂಡಿಗಳು ಓಡಿದ್ದು ಎರಡೂವರೆ ವರ್ಷ ಮಾತ್ರ, 1858ರ ಸೆಪ್ಟೆಂಬರ್‌ನಿಂದ 1861ರ ಮಾರ್ಚ್‌ವರೆಗೆ. ಆದರೂ ಅಮೆರಿಕದ ಪೂರ್ವ ಮತ್ತು ಪಶ್ಚಿಮ ತುದಿಗಳ ನಡುವೆ ನೆಲದ ಮೇಲೆ ತಪ್ಪದೆ ಓಡಾಡಿದ ಮೊದಲ ದೊಡ್ಡ ಟಪಾಲು ವ್ಯವಸ್ಥೆ ಇದು.

ಅರಿಜೋನಾದ ಫೀನಿಕ್ಸ್, ಚಾಂಡ್ಲರ್ ಕಡೆ ಇರುವ ಕನ್ನಡಿಗರು ರಜೆಯಲ್ಲಿ ಕಾರು ಹತ್ತಿ ಟೂಸಾನ್ ದಾಟಿ ಎಲ್ ಪಾಸೋ ಕಡೆ ಹೋದರೆ ಈ ದಾರಿಯ ಆಸುಪಾಸಿನಲ್ಲೇ ಹೋಗುತ್ತಾರೆ. ಇಂಟರ್‌ಸ್ಟೇಟ್ 10 ಹೆದ್ದಾರಿಯಿಂದ ನೋಡಿದರೆ ಕುರುಚಲು ಗಿಡ, ಬೋಳುಗುಡ್ಡ, ಬಿಸಿಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಅಲ್ಲಿ ಕುದುರೆ ಬಂಡಿ ಓಡಿಸಿದ್ದಾದರೂ ಹೇಗೆ?

ಈ ಕಥೆಯನ್ನು ಸಾಮಾನ್ಯವಾಗಿ ಕುದುರೆಗಳ ವೇಗದ ಕಥೆಯಾಗಿ ಹೇಳುತ್ತಾರೆ. ನನಗೆ ಇದು ನೀರಿನ ಕಥೆಯಾಗಿಯೇ ಕಾಣುತ್ತದೆ. ಬಂಡಿ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು, ಯಾರ ಜೊತೆ ಜಗಳ ಬೇಡ ಅನ್ನುವುದನ್ನೆಲ್ಲ ತೀರ್ಮಾನಿಸಿದ್ದು ಬಾವಿಗಳು ಮತ್ತು ಒರತೆಗಳು.

## ಒಂದು ಕಾಗದಕ್ಕೆ ಯಾಕಿಷ್ಟು ಪರದಾಟ?

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಜನ ಸಾಗರದಂತೆ ಅಲ್ಲಿಗೆ ನುಗ್ಗಿದರು. 1850ರಲ್ಲಿ ಅದು ಅಮೆರಿಕದ ಒಂದು ರಾಜ್ಯವೂ ಆಯಿತು. ಆದರೆ ಅದಕ್ಕೂ ಪೂರ್ವದ ರಾಜ್ಯಗಳಿಗೂ ನಡುವೆ ಸಾವಿರಾರು ಕಿಲೋಮೀಟರ್ ಬಯಲು, ಬೆಟ್ಟ, ಮರುಭೂಮಿ. ರೈಲು ಇರಲಿಲ್ಲ. ದೇಶದ ಉದ್ದಕ್ಕೂ ತಂತಿ ಸಂಪರ್ಕ ಬಂದದ್ದು 1861ರ ಅಕ್ಟೋಬರ್‌ನಲ್ಲಿ.

ಹಾಗಾದರೆ ಚಿನ್ನ ಹುಡುಕಲು ಹೋದ ಮಗ ಊರಿಗೆ ಕಾಗದ ಬರೆದರೆ ಅದು ಹೇಗೆ ಹೋಗುತ್ತಿತ್ತು? ಹಡಗಿನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಕೆಳಗೆ ಪನಾಮಾವರೆಗೆ ಒಂದು ಹಡಗು. ಅಲ್ಲಿ ಕಿರಿದಾದ ನೆಲದ ಪಟ್ಟಿ ದಾಟಬೇಕು, 1855ರ ನಂತರ ಅದಕ್ಕೊಂದು ರೈಲು ಬಂತು. ಆ ಕಡೆ ಇನ್ನೊಂದು ಹಡಗು ಹತ್ತಿ ನ್ಯೂಯಾರ್ಕ್. ಎಲ್ಲ ಸರಿಯಾಗಿ ನಡೆದರೆ ಮೂರು ನಾಲ್ಕು ವಾರ. ತಿಂಗಳಿಗೆ ಎರಡೋ ಮೂರೋ ಸಲ ಮಾತ್ರ ಹಡಗು. ಸ್ವಂತ ದೇಶದ ಕಾಗದ ಬೇರೆ ದೇಶದ ನೆಲ ದಾಟಿ ಬರಬೇಕು ಅನ್ನುವುದು ಕ್ಯಾಲಿಫೋರ್ನಿಯಾದವರಿಗೆ ದೊಡ್ಡ ಕೊರಗಾಗಿತ್ತು. ನಮಗೆ ನೆಲದ ದಾರಿ ಬೇಕು ಅಂತ ಅವರು ವಾಷಿಂಗ್ಟನ್‌ಗೆ ಮನವಿ ಮೇಲೆ ಮನವಿ ಕಳಿಸಿದರು.

## ದಕ್ಷಿಣದ ದಾರಿಯೇ ಯಾಕೆ?

1857ರ ಮಾರ್ಚ್‌ನಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಪ್ಪಿಗೆ ಕೊಟ್ಟಿತು. ಕೆಲಸ ಖಾಸಗಿಯವರದು, ಹಣ ಸರ್ಕಾರದ್ದು. ಗುತ್ತಿಗೆ ಸಿಕ್ಕಿದ್ದು ಜಾನ್ ಬಟರ್‌ಫೀಲ್ಡ್ ಮತ್ತು ಅವರ ಪಾಲುದಾರರಿಗೆ. ನ್ಯೂಯಾರ್ಕ್ ರಾಜ್ಯದ ಬಟರ್‌ಫೀಲ್ಡ್ ಬಂಡಿ ಹೊಡೆಯುವ ಕೆಲಸದಿಂದಲೇ ಮೇಲೆ ಬಂದವರು. 1850ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಕಟ್ಟಿದ ಮೂವರಲ್ಲಿ ಒಬ್ಬರು. ಒಪ್ಪಂದ ಹೀಗಿತ್ತು: ವಾರಕ್ಕೆ ಎರಡು ಸಲ, ಪೂರ್ವದಲ್ಲಿ ಸೇಂಟ್ ಲೂಯಿಸ್, ಪಶ್ಚಿಮದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಎರಡೂ ಕಡೆಯಿಂದ ಟಪಾಲು ಹೊರಡಬೇಕು. 25 ದಿನದೊಳಗೆ ತಲುಪಬೇಕು. ಇದಕ್ಕೆ ವರ್ಷಕ್ಕೆ 6 ಲಕ್ಷ ಡಾಲರ್, ಆರು ವರ್ಷ. ಸಿದ್ಧತೆಗೆ ಸಿಕ್ಕಿದ ಸಮಯ ಒಂದೇ ವರ್ಷ.

ದಾರಿ ಯಾವುದು ಅನ್ನುವುದರ ಮೇಲೆ ದೊಡ್ಡ ಜಗಳವೇ ನಡೆಯಿತು. ಮಧ್ಯದ ದಾರಿ ಹತ್ತಿರ. ಆದರೆ ಅಲ್ಲಿನ ಬೆಟ್ಟಗಳಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದು ತಿಂಗಳುಗಟ್ಟಲೆ ದಾರಿ ಮುಚ್ಚುತ್ತದೆ. ದಕ್ಷಿಣದ ದಾರಿ ಸಾವಿರ ಕಿಲೋಮೀಟರ್‌ನಷ್ಟು ಜಾಸ್ತಿ ಸುತ್ತು, ಆದರೆ ವರ್ಷಪೂರ್ತಿ ತೆರೆದಿರುತ್ತದೆ. ಅಂಚೆ ಇಲಾಖೆಯ ಮುಖ್ಯಸ್ಥ ಏರನ್ ಬ್ರೌನ್ ದಕ್ಷಿಣವನ್ನೇ ಆರಿಸಿದರು. ಅವರು ಟೆನ್ನೆಸ್ಸೀ ರಾಜ್ಯದವರು. ದಾರಿಯ ಒಂದು ಕವಲು ಅದೇ ರಾಜ್ಯದ ಮೆಂಫಿಸ್‌ನಿಂದ ಹೊರಡುವಂತೆಯೂ ಮಾಡಿದರು. ಉತ್ತರದ ಪತ್ರಿಕೆಗಳು ಇದು ಪಕ್ಷಪಾತ ಅಂತ ಕೂಗಿದವು. ಹಿಮದ ಮಾತೂ ನಿಜ, ರಾಜಕೀಯದ ಮಾತೂ ನಿಜ. ಎರಡರಲ್ಲಿ ಒಂದನ್ನು ಬಿಟ್ಟರೆ ಈ ತೀರ್ಮಾನ ಅರ್ಥವಾಗುವುದಿಲ್ಲ.

ಇನ್ನೊಂದು ವಿಷಯ. ಈ ದಾರಿಗೆ ಬೇಕಾದ ನೆಲದ ದೊಡ್ಡ ಭಾಗ ಕೆಲವೇ ವರ್ಷಗಳ ಹಿಂದೆ ಅಮೆರಿಕದ್ದೇ ಆಗಿರಲಿಲ್ಲ. ಇವತ್ತಿನ ಅರಿಜೋನಾ, ನ್ಯೂ ಮೆಕ್ಸಿಕೋ ರಾಜ್ಯಗಳ ದಕ್ಷಿಣ ಪಟ್ಟಿಯನ್ನು ಅಮೆರಿಕ 1 ಕೋಟಿ ಡಾಲರ್ ಕೊಟ್ಟು ಮೆಕ್ಸಿಕೋದಿಂದ ಕೊಂಡಿತು. 1854ರಲ್ಲಿ ಅಂತಿಮವಾದ ಈ ವ್ಯವಹಾರಕ್ಕೆ ಗ್ಯಾಡ್ಸ್‌ಡನ್ ಖರೀದಿ ಎಂದು ಹೆಸರು. ಮುಂದೆ ರೈಲು ಹಾಕಲು ಸಮತಟ್ಟಾದ ನೆಲ ಬೇಕು ಅನ್ನುವುದು ಉದ್ದೇಶ. ರೈಲಿಗಿಂತ ಮೊದಲು ಬಂದದ್ದು ಟಪಾಲು ಬಂಡಿ.

ಬಟರ್‌ಫೀಲ್ಡ್‌ಗಿಂತ ಒಂದು ವರ್ಷ ಮೊದಲೇ, 1857ರಲ್ಲಿ, ಜೇಮ್ಸ್ ಬರ್ಚ್ ಎಂಬವರು ಸ್ಯಾನ್ ಆಂಟೋನಿಯೋದಿಂದ ಸ್ಯಾನ್ ಡಿಯಾಗೋಗೆ ತಿಂಗಳಿಗೆ ಎರಡು ಸಲ ಟಪಾಲು ಸಾಗಿಸಲು ಶುರು ಮಾಡಿದ್ದರು. ಕೊನೆಯ ಮರಳುಗಾಡಿನಲ್ಲಿ ಬಂಡಿ ಹೋಗುತ್ತಿರಲಿಲ್ಲ, ಪ್ರಯಾಣಿಕರು ಹೇಸರಗತ್ತೆ ಏರಿ ದಾಟಬೇಕಿತ್ತು. ಜನ ಅದನ್ನು ಕತ್ತೆ ಟಪಾಲು ಎಂದೇ ಕರೆದರು. ಮರುಭೂಮಿಯಲ್ಲಿ ಟಪಾಲು ಸಾಗಿಸಬಹುದು ಎಂದು ತೋರಿಸಿದವರು ಅವರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಡಗು ಮುಳುಗಿ ತೀರಿಕೊಂಡರು.

## ಬಂಡಿ ಓಡಿದ್ದು ಹೇಗೆ?

ಒಂದೇ ಜೋಡಿ ಕುದುರೆ ನಾಲ್ಕೂವರೆ ಸಾವಿರ ಕಿಲೋಮೀಟರ್ ಓಡುವುದಿಲ್ಲ ಅಲ್ವಾ? ಹಿಂದೆ ನಮ್ಮ ಕಡೆ ಅಂಚೆಯವನು ಗೆಜ್ಜೆ ಕಟ್ಟಿದ ಕೋಲು ಹಿಡಿದು ಒಂದಷ್ಟು ದೂರ ಓಡಿ, ಕಾಯುತ್ತಿದ್ದ ಇನ್ನೊಬ್ಬನ ಹೆಗಲಿಗೆ ಚೀಲ ದಾಟಿಸುತ್ತಿದ್ದ. ಇಲ್ಲಿಯೂ ಅದೇ ಉಪಾಯ. ಓಡುವವರು ಬದಲಾಗುತ್ತಾರೆ, ಚೀಲ ಮಾತ್ರ ನಿಲ್ಲುವುದಿಲ್ಲ.

ಅದಕ್ಕಾಗಿ ಕಂಪನಿ ದಾರಿಯುದ್ದಕ್ಕೂ ಠಾಣೆಗಳನ್ನು ಕಟ್ಟಿತು. ಶುರುವಿನಲ್ಲಿ ಸುಮಾರು 140, ಆಮೇಲೆ 200ರ ಹತ್ತಿರ. ಕೆಲವು ಕಡೆ ಎರಡು ಠಾಣೆಗಳ ನಡುವೆ 15 ಕಿಲೋಮೀಟರ್, ಮರುಭೂಮಿಯಲ್ಲಿ ಇನ್ನೂ ಎಷ್ಟೋ ಜಾಸ್ತಿ. ಠಾಣೆ ಅಂದರೆ ಕಲ್ಲಿನದೋ ಹಸಿ ಇಟ್ಟಿಗೆಯದೋ ಗೋಡೆ, ಒಳಗೆ ಒಂದೆರಡು ಕೋಣೆ, ಪ್ರಾಣಿಗಳನ್ನು ಕಟ್ಟಲು ಒಂದು ಆವರಣ. ಕೆಲವು ಠಾಣೆಯಲ್ಲಿ ಪ್ರಾಣಿಗಳನ್ನು ಮಾತ್ರ ಬದಲಾಯಿಸುತ್ತಿದ್ದರು. ಕೆಲವು ಕಡೆ ಊಟವೂ ಸಿಗುತ್ತಿತ್ತು.

ಬಂಡಿಯಲ್ಲಿ ಇಬ್ಬರು ಕೆಲಸಗಾರರು. ಒಬ್ಬ ಲಗಾಮು ಹಿಡಿಯುವವ. ಇನ್ನೊಬ್ಬ ಟಪಾಲಿಗೆ ಜವಾಬ್ದಾರ. ಠಾಣೆ ಹತ್ತಿರವಾಗುತ್ತಿದ್ದ ಹಾಗೆ ಈತ ಕಹಳೆ ಊದುತ್ತಿದ್ದ. ಅದು ಕೇಳಿಸಿದ ತಕ್ಷಣ ಠಾಣೆಯವರು ಹೊಸ ಪ್ರಾಣಿಗಳಿಗೆ ಜೀನು, ಪಟ್ಟಿ ಬಿಗಿದು ಸಿದ್ಧವಾಗಿ ನಿಲ್ಲಬೇಕು. ಬಂಡಿ ಬಂತು, ಹಳೆಯವು ಕಳಚಿದವು, ಹೊಸವು ಕಟ್ಟಿದವು, ಹೊರಟಿತು. ರಾತ್ರಿ ತಂಗುವುದು ಎಂಬುದೇ ಇಲ್ಲ.

ಎರಡು ತುದಿಯ ಒಳ್ಳೆಯ ರಸ್ತೆಗಳಲ್ಲಿ ಕಾಂಕರ್ಡ್ ಎಂಬ ಭಾರವಾದ, ಚೆಂದದ ಸಾರೋಟು. ಅದರ ಪೆಟ್ಟಿಗೆ ದಪ್ಪ ಚರ್ಮದ ಪಟ್ಟಿಗಳ ಮೇಲೆ ತೂಗುತ್ತಿತ್ತು, ಹಾಗಾಗಿ ಹಳ್ಳಕ್ಕೆ ಬಿದ್ದರೂ ಎಲುಬು ಮುರಿಯುವಷ್ಟು ಕುಲುಕಾಟ ಇರಲಿಲ್ಲ. ಮರುಭೂಮಿಯ ದಾರಿಗೆ ಬೇರೆಯದೇ ಬಂಡಿ, ಹೆಸರು ಸೆಲೆರಿಟಿ. ಮೇಲೆ ಕ್ಯಾನ್ವಾಸ್ ಹೊದಿಕೆ, ಹಗುರ, ಮರಳಿನಲ್ಲಿ ಹೂತುಹೋಗದ ಅಗಲ ಪಟ್ಟಿಯ ಚಕ್ರ. ಒಳಗೆ ಮೂರು ಸಾಲು ಆಸನ. ಆಸನದ ಬೆನ್ನು ಮಡಚಿದರೆ ಅದೇ ಹಾಸಿಗೆ. ಜನ ಕಡಿಮೆ ಇದ್ದರೆ ಮಲಗಬಹುದು, ತುಂಬಿದ್ದರೆ ಸರದಿ.

ಕುದುರೆಗಳ ಬದಲು ಇಲ್ಲಿ ಹೆಚ್ಚಾಗಿ ಹೇಸರಗತ್ತೆ. ಅವಕ್ಕೆ ಕುದುರೆಗಿಂತ ಕಡಿಮೆ ಮೇವು ಸಾಕು, ಬಿಸಿಲನ್ನೂ ಚೆನ್ನಾಗಿ ತಡೆಯುತ್ತವೆ. ಆದರೆ ಎಷ್ಟೋ ಪ್ರಾಣಿಗಳು ಸರಿಯಾಗಿ ಪಳಗಿರಲೇ ಇಲ್ಲ. ಹಗ್ಗ ಎಸೆದು ಹಿಡಿದು ಬಂಡಿಗೆ ಕಟ್ಟಬೇಕಿತ್ತು.

ಸರಾಸರಿ ವೇಗ ಎಷ್ಟು ಗೊತ್ತಾ? ಗಂಟೆಗೆ ಸುಮಾರು 8 ಕಿಲೋಮೀಟರ್. ಒಬ್ಬ ಮನುಷ್ಯ ಬಿರುಸಾಗಿ ನಡೆಯುವುದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಹಗಲು ರಾತ್ರಿ ನಿಲ್ಲದೆ ಓಡಿದ್ದರಿಂದ ದಿನಕ್ಕೆ 190 ಕಿಲೋಮೀಟರ್‌ನಷ್ಟು ದಾರಿ ಸವೆಯುತ್ತಿತ್ತು.

## ಮೊದಲ ಪ್ರಯಾಣ

1858ರ ಸೆಪ್ಟೆಂಬರ್ 16ರ ಬೆಳಿಗ್ಗೆ ಸೇಂಟ್ ಲೂಯಿಸ್‌ನಿಂದ ಟಪಾಲು ಚೀಲಗಳು ರೈಲಿನಲ್ಲಿ ಹೊರಟವು. ಆಗ ಹಳಿ ಮುಗಿಯುತ್ತಿದ್ದುದು ಮಿಸ್ಸೌರಿ ರಾಜ್ಯದ ಟಿಪ್ಟನ್ ಎಂಬ ಊರಿನಲ್ಲಿ. ಸಂಜೆ ಅಲ್ಲಿ ರೈಲಿನಿಂದ ಬಂಡಿಗೆ ಚೀಲ ದಾಟಿಸಲು ಹಿಡಿದದ್ದು 9 ನಿಮಿಷ. ಮೊದಲ ಬಂಡಿಯ ಲಗಾಮು ಹಿಡಿದದ್ದು ಬಟರ್‌ಫೀಲ್ಡ್ ಅವರ ಮಗ.

ಕೊನೆಯವರೆಗೂ ಹೋದ ಪ್ರಯಾಣಿಕ ಒಬ್ಬನೇ. ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ 23 ವರ್ಷದ ವರದಿಗಾರ ವಾಟರ್‌ಮನ್ ಆರ್ಮ್ಸ್‌ಬಿ. ಆ ಪ್ರಯಾಣದ ಬಗ್ಗೆ ನಮಗೆ ಇಷ್ಟು ಚೆನ್ನಾಗಿ ಗೊತ್ತಿರುವುದು ಆತ ಕಳಿಸಿದ ವರದಿಗಳಿಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಣಮಾಂಸ, ಹಸಿ ಈರುಳ್ಳಿ, ಕಾಫಿ, ಇದೇ ಹಲವು ಕಡೆ ಊಟ. ಟೆಕ್ಸಾಸ್‌ನ ಫೋರ್ಟ್ ಚಾಡ್‌ಬೋರ್ನ್‌ನಲ್ಲಿ ಪಳಗದ ಹೇಸರಗತ್ತೆಗಳು ಕೆರಳಿ ಬಂಡಿಯ ಮೇಲ್ಛಾವಣಿಯನ್ನೇ ಮುರಿದು ಹಾಕಿದವು.

ಅಕ್ಟೋಬರ್ 10ರ ಬೆಳಿಗ್ಗೆ ಬಂಡಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿತು. 24 ದಿನಕ್ಕೆ ಇನ್ನೂ ಅರ್ಧ ಗಂಟೆ ಬಾಕಿ ಇತ್ತು. ಆ ಕಡೆಯಿಂದ ಹೊರಟ ಬಂಡಿಯ ಟಪಾಲು ಅಕ್ಟೋಬರ್ 9ಕ್ಕೇ ಸೇಂಟ್ ಲೂಯಿಸ್ ತಲುಪಿತ್ತು. ಎರಡೂ ಗಡುವಿನೊಳಗೆ.

ಟಿಕೆಟ್ ದರ ಶುರುವಿನಲ್ಲಿ ಪಶ್ಚಿಮಕ್ಕೆ 200 ಡಾಲರ್, ಪೂರ್ವಕ್ಕೆ 100. ಊಟದ ಖರ್ಚು ಬೇರೆ. 18 ಕೆಜಿ ಸಾಮಾನು ಒಯ್ಯಬಹುದಿತ್ತು. ಕಾಗದಕ್ಕಾದರೆ ಅರ್ಧ ಔನ್ಸ್‌ಗೆ ಬರೀ 10 ಸೆಂಟ್. ಈ ವ್ಯತ್ಯಾಸ ಗಮನಿಸಿ. ಬಂಡಿ ಇದ್ದದ್ದು ಟಪಾಲಿಗೆ, ಮನುಷ್ಯರು ಆಮೇಲೆ. ಸಿನಿಮಾಗಳಲ್ಲಿ ಬರುವ ಚಿನ್ನದ ಪೆಟ್ಟಿಗೆಯನ್ನೂ ಇಲ್ಲಿ ಹುಡುಕಬೇಡಿ. ದರೋಡೆಕೋರರ ಕಣ್ಣು ಬೀಳಬಾರದು ಅಂತ ಕಂಪನಿ ಚಿನ್ನ ಬೆಳ್ಳಿ ಸಾಗಿಸುತ್ತಲೇ ಇರಲಿಲ್ಲ.

## ನೀರೇ ದಾರಿ ತೋರಿಸಿತು

ಈ ದಾರಿಯ ಠಾಣೆಗಳ ಹೆಸರು ಓದುತ್ತಾ ಹೋಗಿ. ಕುಕ್ಸ್ ಸ್ಪ್ರಿಂಗ್, ಡ್ರಗೂನ್ ಸ್ಪ್ರಿಂಗ್ಸ್, ಮ್ಯಾರಿಕೋಪ ವೆಲ್ಸ್, ವೆಕೋ ಟ್ಯಾಂಕ್ಸ್, ಕರಿಸೋ ಕ್ರೀಕ್. ಒರತೆ, ಬಾವಿ, ಬಂಡೆಯಲ್ಲಿ ನಿಂತ ಮಳೆನೀರು, ತೊರೆ. ನಕ್ಷೆಯಲ್ಲಿ ಇವುಗಳನ್ನು ಒಂದೊಂದಾಗಿ ಗೆರೆ ಎಳೆದು ಸೇರಿಸಿದರೆ ಅದೇ ಬಟರ್‌ಫೀಲ್ಡ್ ದಾರಿ.

ಯಾಕೆ ಹೀಗೆ? ಬಿಸಿಲಿನಲ್ಲಿ ಬಂಡಿ ಎಳೆಯುವ ಪ್ರಾಣಿ ದಿನಕ್ಕೆ ಹತ್ತಾರು ಲೀಟರ್ ನೀರು ಕುಡಿಯುತ್ತದೆ. ಅಷ್ಟು ನೀರನ್ನು ಬಂಡಿಯಲ್ಲೇ ಹೇರಿದರೆ ಆ ಭಾರ ಎಳೆಯಲು ಇನ್ನಷ್ಟು ಪ್ರಾಣಿ ಬೇಕು. ಆ ಪ್ರಾಣಿಗಳಿಗೆ ಇನ್ನಷ್ಟು ನೀರು ಬೇಕು. ಈ ಲೆಕ್ಕ ಎಲ್ಲಿಗೂ ಮುಟ್ಟುವುದಿಲ್ಲ. ಹಾಗಾಗಿ ನೀರು ಇದ್ದಲ್ಲಿಗೇ ದಾರಿ ಹೋಗಬೇಕು. ಒಣ ಜಾಗದಲ್ಲಿ ಠಾಣೆ ಬೇಕೇ ಬೇಕು ಅಂದರೆ ಬೇರೆ ಕಡೆಯಿಂದ ತೊಟ್ಟಿ ಬಂಡಿಗಳಲ್ಲಿ ನೀರು ತಂದು ತುಂಬಿಸಬೇಕು. ಕಂಪನಿ ಎರಡನ್ನೂ ಮಾಡಿತು.

ಅತಿ ಕಷ್ಟದ ಜಾಗಗಳಲ್ಲೊಂದು ಪಶ್ಚಿಮ ಟೆಕ್ಸಾಸ್‌ನಲ್ಲಿತ್ತು. ಕಾಂಚೋ ನದಿಯ ಮೂಲದಿಂದ ಪೇಕೋಸ್ ನದಿಯವರೆಗೆ ಸುಮಾರು 120 ಕಿಲೋಮೀಟರ್ ಭರವಸೆಯ ನೀರಿಲ್ಲ. ಮೊದಲ ಪ್ರಯಾಣದಲ್ಲಿ ಅಲ್ಲಿ ನಡುವೆ ಠಾಣೆಯೂ ಇರಲಿಲ್ಲ. ಬದಲಿ ಹೇಸರಗತ್ತೆಗಳ ಹಿಂಡನ್ನೇ ಬಂಡಿಯ ಜೊತೆ ಓಡಿಸಿಕೊಂಡು ಹೋದರು. ಕೊನೆಗೆ ಸಿಗುವ ಪೇಕೋಸ್ ದಾಟುವ ಜಾಗದ ಹೆಸರು ಹಾರ್ಸ್‌ಹೆಡ್ ಕ್ರಾಸಿಂಗ್, ಅಂದರೆ ಕುದುರೆ ತಲೆಯ ದಾಟು. ಬಾಯಾರಿ ಬಂದ ಪ್ರಾಣಿಗಳು ಅಲ್ಲಿನ ಉಪ್ಪುಮಿಶ್ರಿತ ನೀರು ವಿಪರೀತ ಕುಡಿದು, ಕೆಸರಿನಲ್ಲಿ ಸಿಕ್ಕಿ ಸಾಯುತ್ತಿದ್ದವು. ದಡದಲ್ಲಿ ಬಿದ್ದಿದ್ದ ಅವುಗಳ ತಲೆಬುರುಡೆಗಳೇ ಆ ಹೆಸರಿಗೆ ಕಾರಣ.

ಇಷ್ಟು ಕಷ್ಟಪಟ್ಟು ಮಾಡಿದ ದಾರಿಯನ್ನೂ ನೀರಿಗಾಗಿ ಬದಲಿಸಬೇಕಾಯಿತು. ಪೇಕೋಸ್‌ನಿಂದ ಗ್ವಾಡಲೂಪೆ ಬೆಟ್ಟ, ವೆಕೋ ಟ್ಯಾಂಕ್ಸ್ ಮೂಲಕ ಎಲ್ ಪಾಸೋಗೆ ಹೋಗುತ್ತಿದ್ದ ಬಂಡಿಗಳನ್ನು 1859ರಲ್ಲಿ ದಕ್ಷಿಣಕ್ಕೆ, ಫೋರ್ಟ್ ಸ್ಟಾಕ್ಟನ್, ಫೋರ್ಟ್ ಡೇವಿಸ್ ಕಡೆಗೆ ತಿರುಗಿಸಿದರು. ಅಲ್ಲಿ ನೀರೂ ಇತ್ತು, ಸೈನ್ಯದ ಕೋಟೆಗಳ ಕಾವಲೂ ಇತ್ತು.

ಅರಿಜೋನಾದಲ್ಲಿ ಹೀಲಾ ನದಿ ಉತ್ತರಕ್ಕೆ ತಿರುಗಿದ ಕಡೆ ಬಂಡಿಗಳು ಅದನ್ನು ಬಿಟ್ಟು ಸುಮಾರು 65 ಕಿಲೋಮೀಟರ್ ಒಣನೆಲ ದಾಟುತ್ತಿದ್ದವು. ಅದರ ಒಂದು ತುದಿಯಲ್ಲಿ ಪೀಮ ಮತ್ತು ಮ್ಯಾರಿಕೋಪ ಎಂಬ ಮೂಲನಿವಾಸಿ ಜನರ ಹಳ್ಳಿಗಳು. ಇವರು ಹೀಲಾ ನದಿಯಿಂದ ಕಾಲುವೆ ತೆಗೆದು ಗೋಧಿ, ಮೆಕ್ಕೆಜೋಳ, ಕುಂಬಳ ಬೆಳೆಯುತ್ತಿದ್ದರು. ಕಂಪನಿ ಪ್ರಾಣಿಗಳ ಮೇವಿಗೆ ಇವರ ಧಾನ್ಯವನ್ನೇ ಕೊಂಡಿತು. ಈ ರೈತರು ಇಲ್ಲದಿದ್ದರೆ ಆ ಭಾಗದ ಠಾಣೆಗಳು ನಡೆಯುವುದು ಬಹಳ ಕಷ್ಟವಿತ್ತು. ಟಪಾಲಿನ ಇತಿಹಾಸದಲ್ಲಿ ಅವರ ಹೆಸರು ಮೊದಲ ಸಾಲಿನಲ್ಲೇ ಬರಬೇಕು ಎಂದು ನನ್ನ ಅಭಿಪ್ರಾಯ.

ಕೊಲೊರಾಡೋ ನದಿ ದಾಟಿ ಕ್ಯಾಲಿಫೋರ್ನಿಯಾಗೆ ಬಂದರೆ ಎದುರಿಗೆ ದೊಡ್ಡ ಮರಳ ದಿಬ್ಬಗಳು. ಚಕ್ರ ಹೂತುಹೋಗುವ ಜಾಗ. ಅದನ್ನು ತಪ್ಪಿಸಲು ಬಂಡಿ ಸ್ವಲ್ಪ ದೂರ ಮೆಕ್ಸಿಕೋ ನೆಲದೊಳಗೇ ಹೋಗಿ ಮತ್ತೆ ಅಮೆರಿಕಕ್ಕೆ ಬರುತ್ತಿತ್ತು. ಆಮೇಲೆ ಕರಿಸೋ, ವ್ಯಾಯೆಸಿಟೋ. ಹಸಿರು ಹುಲ್ಲು, ಒರತೆ ಇದ್ದ ವ್ಯಾಯೆಸಿಟೋ ಕಂಡರೆ ಪ್ರಯಾಣಿಕರಿಗೆ ಜೀವ ಬಂದಂತಾಗುತ್ತಿತ್ತು. ಅಲ್ಲಿಂದ ಮುಂದೆ ಒಂದು ಕಡಿದಾದ ಏರು. ಅದಕ್ಕೆ ಫುಟ್ ಆ್ಯಂಡ್ ವಾಕರ್ ಪಾಸ್ ಎಂದೇ ಹೆಸರು. 200 ಡಾಲರ್ ಕೊಟ್ಟವರೂ ಅಲ್ಲಿ ಇಳಿದು ನಡೆಯಬೇಕು, ಬಂಡಿ ಸಿಕ್ಕಿಕೊಂಡರೆ ತಳ್ಳಬೇಕು.

## ಆ ನೀರು ಯಾರದು?

ಒರತೆಗಳು ಖಾಲಿ ಜಾಗದಲ್ಲಿ ಇರಲಿಲ್ಲ. ಬಂಡಿ ಬರುವ ಎಷ್ಟೋ ಕಾಲ ಮೊದಲಿಂದಲೂ ಅವು ಕಮಾಂಚಿ, ಅಪಾಚೆ ಎಂಬ ಮೂಲನಿವಾಸಿ ಜನರ ನೀರು. ಹೊಸದಾಗಿ ಬಂದ ಠಾಣೆ ಅವರ ಬಾವಿಯ ಪಕ್ಕದಲ್ಲೇ ಕೂತಿತು.

ಅಪಾಯವೆಲ್ಲ ಅವರಿಂದಲೇ ಬಂತು ಅಂದುಕೊಂಡರೆ ತಪ್ಪು. ಮೊದಲ ಬಂಡಿ ಹೊರಡುವ ಒಂದು ವಾರ ಮೊದಲು, 1858ರ ಸೆಪ್ಟೆಂಬರ್ 8ರ ರಾತ್ರಿ, ಅರಿಜೋನಾದ ಡ್ರಗೂನ್ ಸ್ಪ್ರಿಂಗ್ಸ್ ಠಾಣೆಯಲ್ಲಿ ಕೊಲೆಗಳಾದವು. ಠಾಣೆ ಕಟ್ಟುತ್ತಿದ್ದ ಮೂವರು ಕೂಲಿಗಳೇ ಮಲಗಿದ್ದವರ ಮೇಲೆ ಕೊಡಲಿಯಿಂದ ಬಿದ್ದರು. ಸೈಲಸ್ ಸೇಂಟ್ ಜಾನ್ ಎಂಬ ಮೇಲ್ವಿಚಾರಕ ಹೋರಾಡಿ ಉಳಿದ. ಅವನ ಜೊತೆ ಮಲಗಿದ್ದ ಮೂವರು ಪ್ರಾಣ ಬಿಟ್ಟರು. ತೋಳು ತುಂಡಾಗುವಷ್ಟು ಗಾಯವಾಗಿದ್ದ ಸೇಂಟ್ ಜಾನ್ ಅನ್ನ ನೀರಿಲ್ಲದೆ ನಾಲ್ಕು ದಿನ ಅಲ್ಲೇ ಬಿದ್ದಿದ್ದ. ಒರತೆ ಅಲ್ಲೇ ಬೆಟ್ಟದ ಕಣಿವೆಯಲ್ಲಿತ್ತು, ಹೋಗಲು ಮೈಯಲ್ಲಿ ಶಕ್ತಿ ಇರಲಿಲ್ಲ. ದಾರಿಹೋಕರು ಕಂಡು ಸುದ್ದಿ ಮುಟ್ಟಿಸಿದ ಮೇಲೆ ಸೇನೆಯ ವೈದ್ಯ ಬಂದು ತೋಳು ಕತ್ತರಿಸಿ ಜೀವ ಉಳಿಸಿದರು.

ಅಲ್ಲಿಂದ ಪೂರ್ವಕ್ಕೆ ಅಪಾಚೆ ಪಾಸ್ ಎಂಬ ಕಣಿವೆ. ಅಲ್ಲಿಯ ಒರತೆ ವರ್ಷವಿಡೀ ಬತ್ತುವುದಿಲ್ಲ. ಅದು ಚಿರಿಕಾಹುವ ಅಪಾಚೆ ಜನರ ನೆಲ, ಅವರ ನಾಯಕ ಕೊಚೀಸ್. ಎರಡು ವರ್ಷಕ್ಕೂ ಜಾಸ್ತಿ ಕಾಲ ಆತ ಬಂಡಿಗಳನ್ನು ತಡೆಯಲಿಲ್ಲ. 1861ರ ಫೆಬ್ರವರಿಯಲ್ಲಿ ಎಲ್ಲ ಕೆಟ್ಟಿತು. ಬೇರೊಂದು ಅಪಾಚೆ ಗುಂಪು ಒಬ್ಬ ಹುಡುಗನನ್ನು ಹೊತ್ತೊಯ್ದಿತ್ತು. ಜಾರ್ಜ್ ಬ್ಯಾಸ್ಕಮ್ ಎಂಬ ಎಳೆಯ ಸೇನಾಧಿಕಾರಿ ಅದು ಕೊಚೀಸ್‌ನ ಕೆಲಸ ಎಂದು ಭಾವಿಸಿ ಮಾತುಕತೆಗೆ ಕರೆದ. ಡೇರೆಯೊಳಗೆ ಕೂರಿಸಿಕೊಂಡು ಅಪವಾದ ಹೊರಿಸಿದ. ಕೊಚೀಸ್ ಡೇರೆ ಬಟ್ಟೆಯನ್ನು ಚಾಕುವಿನಿಂದ ಸೀಳಿಕೊಂಡು ತಪ್ಪಿಸಿಕೊಂಡ. ಅವನ ಬಂಧುಗಳು ಸೆರೆಯಾದರು. ಆತ ಠಾಣೆಯ ನೌಕರ ಜೇಮ್ಸ್ ವಾಲೆಸ್ ಮತ್ತಿತರರನ್ನು ಹಿಡಿದ. ಅದಲುಬದಲಿನ ಮಾತು ಮುರಿದುಬಿತ್ತು. ಕೊಚೀಸ್ ಒತ್ತೆಯಾಳುಗಳನ್ನು ಕೊಂದ. ಸೈನ್ಯ ಆರು ಮಂದಿ ಅಪಾಚೆಗಳನ್ನು ನೇಣಿಗೆ ಹಾಕಿತು, ಅವರಲ್ಲಿ ಕೊಚೀಸ್‌ನ ತಮ್ಮನೂ ಇದ್ದ. ಆಮೇಲೆ ಶಾಂತಿ ಒಪ್ಪಂದವಾಗಿದ್ದು 1872ರಲ್ಲಿ.

## ಲಾಭ ಬಂತಾ? ನಿಂತದ್ದು ಯಾಕೆ?

ಸರ್ಕಾರದ ಲೆಕ್ಕದಲ್ಲಿ ನೋಡಿದರೆ ದೊಡ್ಡ ನಷ್ಟ. ವರ್ಷಕ್ಕೆ 6 ಲಕ್ಷ ಡಾಲರ್ ಕೊಟ್ಟು ಶುರುವಿನ ವರ್ಷ ಅಂಚೆ ಶುಲ್ಕದಿಂದ ಬಂದದ್ದು ಸುಮಾರು 27 ಸಾವಿರ ಡಾಲರ್. ಆದರೆ ಜನ ನಿಧಾನಕ್ಕೆ ನಂಬಿದರು. 1860ರ ಹೊತ್ತಿಗೆ ಹಡಗುಗಳಿಗಿಂತ ಹೆಚ್ಚು ಕಾಗದ ಈ ಬಂಡಿಗಳಲ್ಲಿ ಹೋಗುತ್ತಿತ್ತು. ಕಂಪನಿ ಮಾತ್ರ ಸಾಲದಲ್ಲಿ ಸಿಕ್ಕಿತು. ಸಾಲ ಕೊಟ್ಟಿದ್ದ ವೆಲ್ಸ್ ಫಾರ್ಗೋ ಹಿಡಿತ ಬಿಗಿ ಮಾಡಿತು. 1860ರಲ್ಲಿ ಬಟರ್‌ಫೀಲ್ಡ್ ತಾವೇ ಕಟ್ಟಿದ ಕಂಪನಿಯ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು.

ಕೊನೆಯ ಪೆಟ್ಟು ಕೊಟ್ಟದ್ದು ಅಂತರ್ಯುದ್ಧ. ಗುಲಾಮಗಿರಿ ಬಿಡಲೊಪ್ಪದ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೊರಟವು. ದಾರಿಯ ದೊಡ್ಡ ಪಾಲು ಇದ್ದ ಟೆಕ್ಸಾಸ್ ಕೂಡ ಹೊರಟಿತು. ಬೇರೆಯಾದ ರಾಜ್ಯದ ಮೂಲಕ ಸರ್ಕಾರಿ ಟಪಾಲು ಸಾಗಿಸುವುದು ಹೇಗೆ? 1861ರ ಮಾರ್ಚ್ 2ರಂದು ಕಾಂಗ್ರೆಸ್ ಟಪಾಲನ್ನು ಮಧ್ಯದ ದಾರಿಗೆ ಬದಲಾಯಿಸಿತು. ಬಂಡಿ, ಪ್ರಾಣಿ, ನೌಕರರಲ್ಲಿ ಹಲವರು ಆ ಕಡೆ ಹೋದರು.

ದಕ್ಷಿಣದ ಹಳೆಯ ದಾರಿ ಪೂರ್ತಿ ಸಾಯಲಿಲ್ಲ. 1862ರಲ್ಲಿ ಅಪಾಚೆ ಪಾಸ್‌ನ ಒರತೆಗಾಗಿಯೇ ಸೈನ್ಯಕ್ಕೂ ಅಪಾಚೆಗಳಿಗೂ ಕದನ ನಡೆದು, ನೀರು ಕಾಯಲು ಅಲ್ಲಿ ಫೋರ್ಟ್ ಬೋವಿ ಎದ್ದಿತು. 1880ರಲ್ಲಿ ಟೂಸಾನ್‌ಗೆ, 1881ರಲ್ಲಿ ಎಲ್ ಪಾಸೋಗೆ ಸದರ್ನ್ ಪೆಸಿಫಿಕ್ ರೈಲು ಬಂತು. ಅದರ ಹಿಂದೆ ಹೆದ್ದಾರಿ.

## ಈಗ ಏನು ನೋಡಬಹುದು?

ಅರಿಜೋನಾದ ಫೋರ್ಟ್ ಬೋವಿ ಸುಲಭವಾಗಿ ನೋಡಬಹುದಾದ ಜಾಗ. ಅಲ್ಲಿ ಕಾರು ನಿಲ್ಲಿಸಿ ಸುಮಾರು 2.4 ಕಿಲೋಮೀಟರ್ ನಡೆದರೆ ಕೋಟೆ ಸಿಗುತ್ತದೆ. ದಾರಿಯಲ್ಲೇ ಹಳೆಯ ಠಾಣೆಯ ಅಡಿಪಾಯ, ಒಂದು ಚಿಕ್ಕ ಸ್ಮಶಾನ, ಆಮೇಲೆ ಅಪಾಚೆ ಒರತೆ. ಡ್ರಗೂನ್ ಸ್ಪ್ರಿಂಗ್ಸ್‌ನಲ್ಲಿ ಕಲ್ಲಿನ ಗೋಡೆಗಳು ಇನ್ನೂ ನಿಂತಿವೆ. ಟೆಕ್ಸಾಸ್‌ನ ಗ್ವಾಡಲೂಪೆ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಪೈನರಿ ಠಾಣೆಯ ಅವಶೇಷವಿದೆ, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವಷ್ಟು ಹತ್ತಿರದ ನಡಿಗೆ. ಕ್ಯಾಲಿಫೋರ್ನಿಯಾದ ವ್ಯಾಯೆಸಿಟೋದಲ್ಲಿರುವ ಠಾಣೆ 1930ರ ದಶಕದಲ್ಲಿ ಮತ್ತೆ ಕಟ್ಟಿದ್ದು.

ಹೋಗುವುದಾದರೆ ಚಳಿಗಾಲ ಅಥವಾ ವಸಂತದ ಆರಂಭ ಒಳ್ಳೆಯದು. ಬೇಸಿಗೆಯಲ್ಲಾದರೆ ಬೆಳಗ್ಗೆ ಬೇಗ ನಡೆದು ಮುಗಿಸಿ. ಫೋರ್ಟ್ ಬೋವಿ ದಾರಿಯಲ್ಲಿ ನೆರಳು ಕಡಿಮೆ, ಒರತೆಯ ನೀರನ್ನು ಕುಡಿಯಬೇಡಿ, ನಿಮ್ಮ ನೀರನ್ನು ನೀವೇ ಒಯ್ಯಿರಿ.